ಉಪವಾಸವಿದ್ದು ಬರತಕ್ಕದ್ದು

ದೊಡ್ಡಬಳ್ಳಾಪುರ
ಭಾನುವಾರ, ೨೮-೧೨-೨೦೨೫
ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ಭಾಗ್ಯ,

'ಪ್ರೀತಿಯ' ಅಂತ ಬರೆದದ್ದನ್ನು ನೋಡಿ ನಗಬೇಡ, ಶ್ವೇತಳಿಗೂ ತೋರಿಸಬೇಡ. ಮದುವೆಯಾದ ವರ್ಷ ನೀನು ಆಷಾಢಕ್ಕೆ ತವರಿಗೆ ಹೋಗಿದ್ದಾಗ ಒಂದು ಕಾಗದ ಬರೆದಿದ್ದೆ. ಅದಾದ ಮೇಲೆ ಬರೆಯುವ ಸಂದರ್ಭವೇ ಬರಲಿಲ್ಲ. ನೀನು ಹದಿನೈದು ದಿನ ಮನೆ ಬಿಟ್ಟು ಇದ್ದದ್ದು ಯಾವಾಗ ಹೇಳು? ಮೊದಲು ನಿನ್ನ ಆರೋಗ್ಯ ಹೇಗಿದೆ? ಇದನ್ನು ಬಾಯಿಮಾತಿಗೆ ಕೇಳುತ್ತಿಲ್ಲ. ಬೆಳಗ್ಗೆ ಏಳುವಾಗ ಕೈ ನಡುಗುತ್ತದೆಯೇ? ಈ ಧನುರ್ಮಾಸದ ಚಳಿಯಲ್ಲೂ ಮೈ ಬೆವರುತ್ತದೆಯೇ? ಕಣ್ಣು ಮಂಜಾಗುವುದು, ಯಾರು ಏನು ಹೇಳಿದರೂ ಸಿಡುಕುವುದು ಇದೆಯೇ? ಕೊನೆಯದು ನಿನಗೆ ಮೊದಲಿಂದಲೂ ಇದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡ. ಉಳಿದವು ಇದ್ದರೆ ಈ ಕಾಗದ ಓದುವುದನ್ನು ಇಲ್ಲಿಗೇ ನಿಲ್ಲಿಸಿ ಎರಡು ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿದು, ಕೂತು, ಆಮೇಲೆ ಮುಂದೆ ಓದು. ಶ್ವೇತ ಹೇಗಿದ್ದಾಳೆ? ಕೂಸು ಚೆನ್ನಾಗಿ ಹಾಲು ಕುಡಿಯುತ್ತದೆಯೇ? ಮಗ್ಗದ ಸದ್ದಿಗೆ ಕೂಸು ಬೆಚ್ಚಿಬೀಳುತ್ತದೆ ಅಂತ ಬಾಣಂತನವನ್ನು ಸೂಲಿಬೆಲೆಯಲ್ಲೇ ಇಟ್ಟುಕೊಂಡದ್ದು ಒಳ್ಳೆಯದೇ ಆಯಿತು ಅಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುತ್ತಿಲ್ಲ. ನೀನು ನನ್ನ ಕಣ್ಣೆದುರು ಇರಬೇಕಿತ್ತು.

ಫೋನ್ ಇರುವಾಗ ಕಾಗದ ಯಾಕೆ ಅನ್ನುತ್ತೀಯ. ಮೂವತ್ತು ವರ್ಷ ಮಗ್ಗದ ಪಕ್ಕ ನಿಂತು ನಿನ್ನ ಕಿವಿ ಹೋಗಿದೆ. ಫೋನಿನಲ್ಲಿ ನಾನು ಒಂದು ಮಾತು ಹೇಳಿದರೆ ನಿನಗೆ ಕೇಳುವ ಹೊತ್ತಿಗೆ ಈ ಬೀದಿಯ ಎರಡೂ ತುದಿಗೆ ಕೇಳಿರುತ್ತದೆ. ಇವತ್ತು ಹೇಳಬೇಕಾದದ್ದು ಕೂಗಿ ಹೇಳುವಂಥದ್ದಲ್ಲ. ಶ್ವೇತಳ ಕೈಲಿ ಹೇಳಿಸಿದ್ದಾಯಿತು, ಅದರ ಫಲವನ್ನು ನಿನ್ನೆ ಸಂಜೆಯೇ ಕಂಡೆ. 'ಆ ಗಿಡದ ಮಾತ್ರೆ ಡೇಟು ಮುಗ್ದಿರೋದಂತೆ, ನಿಮ್ಮಮ್ಮಂಗೆ ನಿಲ್ಸು ಅನ್ನು' ಅಂದರೆ, ನೀನು ಡಬ್ಬಿಯನ್ನು ಬೆಳಕಿಗೆ ಹಿಡಿದು ಓದಿ, 'ಎರಡು ಸಾವಿರದ ಇಪ್ಪತ್ತೇಳರವರೆಗೂ ಇದೆ. ನಿಮ್ಮಪ್ಪಂಗೆ ಊಟಕ್ಕೆ ತೊಂದ್ರೆ ಆಗೈತೆ, ನನ್ನ ಕರೆಸ್ಕೊಳ್ಳೋಕೆ ನಾಟ್ಕ ಆಡ್ತಾವ್ರೆ' ಅಂತ ಹೇಳಿಸಿದೆ. ಶ್ವೇತ ನಗುತ್ತಾ ಫೋನ್ ಇಟ್ಟಳು. ಊಟಕ್ಕೆ ತೊಂದರೆ ಇರುವುದು ನಿಜ, ನಾಲ್ಕು ದಿನದಿಂದ ಉಪ್ಪಿಟ್ಟೇ ತಿನ್ನುತ್ತಿದ್ದೇನೆ. ಆದರೆ ಭಾಗ್ಯ, ಇದು ನಾಟಕವಲ್ಲ. ಅವಳಿಗೆ ಬಿಡಿಸಿ ಹೇಳೋಣವೆಂದರೆ, ನಿನಗೆ ಸಕ್ಕರೆ ಕಾಯಿಲೆ ಇರುವುದನ್ನೇ ನೀನು ಆ ಮನೆಯಲ್ಲಿ ಮುಚ್ಚಿಟ್ಟಿದ್ದೀಯ. ಬೀಗಿತ್ತಿಗೆ ಗೊತ್ತಾದರೆ ಕೂಸನ್ನು ಎತ್ತಲು ಬಿಡುವುದಿಲ್ಲ ಅಂತ, ಅದು ಮಂಡಿನೋವಿನ ಮಾತ್ರೆ ಅಂತ ಹೇಳಿದ್ದೀಯ. ಹದಿನಾರು ದಿನದ ಬಾಣಂತಿಯನ್ನು ಹೆದರಿಸುವುದು ಹೇಗೆ? ಎದೆಹಾಲು ನಿಂತುಹೋದರೆ? ಅದಕ್ಕೇ ಈ ಕಾಗದ. ಆವಲಪ್ಪ ಇವತ್ತು ಐದು ಗಂಟೆಗೆ ತನ್ನ ಸ್ಕೂಟರಿನಲ್ಲಿ ಕೂಸು ನೋಡಲು ಹೊರಟಿದ್ದಾನೆ. ನಿನ್ನ ತಮ್ಮನಿಗೆ ನಾನು ಏನೂ ಹೇಳಿಲ್ಲ. ಲಕೋಟೆ ಅಂಟಿಸಿ ಅವನ ಕೈಗೆ ಕೊಡುತ್ತೇನೆ, ರಾತ್ರಿಯ ಮಾತ್ರೆಗೆ ಮೊದಲೇ ನಿನ್ನ ಕೈ ಸೇರಬೇಕು.

ನಾನು ಕೂತಿರುವುದು ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ. ನನಗೇನೂ ಆಗಿಲ್ಲ, ನನ್ನದು ಗಟ್ಟಿ ಜೀವ. ಒಳಗಿರುವುದು ಅನುಸೂಯಮ್ಮ. ಹೌದು, ನಮ್ಮ ಗೋಡೆ ಪಕ್ಕದ ಅನುಸೂಯಮ್ಮ, ನೀನು ಊರಿಗೆ ಹೊರಟ ದಿನ ಬೀದಿ ಕೊನೆಯವರೆಗೂ ಬ್ಯಾಗು ಹಿಡಿದು ಬಂದವಳು. ಅವಳ ಮಗ ದೇವರಾಜ ನೂಲು ತರಲು ಸೂರತ್‌ಗೆ ಹೋಗಿದ್ದಾನೆ, ನಾಳೆ ಬರುತ್ತಾನೆ. ಸೊಸೆ ಪ್ರಿಯಾಂಕಳಿಗೆ ಕೈಗೂಸು. ಹಾಗಾಗಿ ಆಸ್ಪತ್ರೆಯ ಕಾಗದಗಳಿಗೆ ರುಜು ಹಾಕಿದವನು ನಾನು, ಕೂತಿರುವವನೂ ನಾನು. ಇಲ್ಲದಿದ್ದರೆ ನಿನ್ನೆಯೇ ಬಸ್ಸು ಹತ್ತಿ ನಿನ್ನ ಮುಂದೆ ನಿಂತಿರುತ್ತಿದ್ದೆ.

ನಿನ್ನೆ ಶನಿವಾರ, ಅವಳದು ಒಪ್ಪತ್ತು. ಬೆಳಗ್ಗೆ ಮೂರು ಗಿಡದ ಮಾತ್ರೆ, ಜೊತೆಗೆ ಸಕ್ಕರೆ ಕಾಯಿಲೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಬಿಳಿ ಮಾತ್ರೆ ಸೇವಿಸಿ, ಕಾಫಿ ಮಾತ್ರ ಕುಡಿದು, ಕಂಡಿಕೆಗೆ ನೂಲು ಸುತ್ತುತ್ತಾ ಕೂತಿದ್ದಾಳೆ. ಒಂಬತ್ತು ಗಂಟೆಯ ಹೊತ್ತಿಗೆ ಸೀರೆ ಒದ್ದೆಯಾಗುವ ಹಾಗೆ ಬೆವರಿದೆ. ಕೈಯಲ್ಲಿ ನೂಲಿನ ಎಳೆ ನಿಲ್ಲುತ್ತಿಲ್ಲ. ಪ್ರಿಯಾಂಕ ಓದಿದ ಹುಡುಗಿ, ಗಿಡದ ಮಾತ್ರೆಯ ಪರೀಕ್ಷೆ ನಡೆಸುವ ಕಾಲೇಜಿನವರು ಕೊಟ್ಟ ಹಾಳೆಯಲ್ಲಿ 'ಬೆವರು, ನಡುಕ ಬಂದರೆ ತಕ್ಷಣ ಸಕ್ಕರೆ ತಿನ್ನಿಸಿ' ಅಂತ ಇದ್ದದ್ದು ಅವಳಿಗೆ ನೆನಪಿತ್ತು. ಒಂದು ಹಿಡಿ ಸಕ್ಕರೆ ತಂದು ಅತ್ತೆಯ ಬಾಯಿಗೆ ಹಾಕಿದಳು. ಅನುಸೂಯಮ್ಮ ಥೂ ಅಂತ ಉಗಿದು, 'ಯಾಕೇ, ಬಾಯಿಗೆ ಮಣ್ಣಾಕ್ತೀಯಾ? ಏನ್ ಮಾಡಿದ್ದೆ ನಿಂಗೆ ನಾನು?' ಅಂತ ಸೊಸೆಯನ್ನು ತಳ್ಳಿದಳಂತೆ. ಪ್ರಿಯಾಂಕ ಮತ್ತೆ ಹಾಕಿದಳು, ಇವಳು ಮತ್ತೆ ಉಗಿದಳು. ಮೂರನೆಯ ಸಲ ಹಾಕುವಷ್ಟರಲ್ಲಿ ಹಲ್ಲು ಕಚ್ಚಿಕೊಂಡುಬಿಟ್ಟಿತ್ತು. ಕೂಗಿದ್ದು ಕೇಳಿ ನಾನು ಮಗ್ಗ ನಿಲ್ಲಿಸಿ ಓಡಿದಾಗ ಅವಳ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು. ಆಟೋದಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಆಸ್ಪತ್ರೆಯಲ್ಲಿ ಬೆರಳು ಚುಚ್ಚಿ ನೋಡಿದರೆ ಮೂವತ್ತನಾಲ್ಕು. ನನಗೆ ನಮ್ಮೆಲ್ಲರ ನೂರೆಂಬತ್ತು, ಇನ್ನೂರು ಗೊತ್ತು. ಮೂವತ್ತನಾಲ್ಕು ಅನ್ನುವ ಸಂಖ್ಯೆಯೂ ಅದರಲ್ಲಿ ಬರುತ್ತದೆ ಅಂತ ಗೊತ್ತಿರಲಿಲ್ಲ.

ಸಕ್ಕರೆ ಯಾಕೆ ಮಣ್ಣಾಯಿತು ಅಂತ ನಿನಗೆ ಗೊತ್ತಲ್ಲ? ಮೊದಲ ದಿನ ದೇವಸ್ಥಾನದ ಸಭಾಂಗಣದಲ್ಲಿ ಕಾಲೇಜಿನ ಡಾಕ್ಟರಮ್ಮ ದಿವ್ಯ ನಮ್ಮೆಲ್ಲರ ಕೈಗೂ ಒಂದೊಂದು ಮಧುನಾಶಿನಿ ಎಲೆ ಕೊಟ್ಟು ಅಗಿಯಲು ಹೇಳಿ, ಆಮೇಲೆ ಸಕ್ಕರೆ ಕೊಟ್ಟರಲ್ಲ. ಸಕ್ಕರೆ ಬರೀ ಮರಳು! ನಮ್ಮ ಬೀದಿಯ ಜವರಪ್ಪ ಬಾಯಿ ತೆರೆದುಕೊಂಡು, 'ಗುರುವೇ, ಈ ಗಿಡಾನ ನಮ್ಮನೆ ಮುಂದೆ ಹಾಕುಸ್ಬಿಡಿ, ಬೀಗರ ಮನೆ ಹೋಳಿಗೆ ಮುಂದೆ ಮಾನ ಉಳೀತದೆ' ಅಂದಿದ್ದ. ಎಷ್ಟು ನಕ್ಕಿದ್ದೆವು. ಆ ಮರಳಿನ ರುಚಿ ನೋಡಿಯೇ ಅಲ್ಲವೇ ನಮ್ಮ ಬೀದಿಯ ಹತ್ತು ಜನ ಹೆಸರು ಬರೆಸಿದ್ದು? ಕಾಯಿಲೆಯನ್ನೇ ಮರಳು ಮಾಡುವ ಎಲೆ ಅಂದುಕೊಂಡೆವು. ಆ ಎಲೆಯ ಸಾರ, ತಂಗಡಿ ಹೂವಿನ ಸಾರ, ಎರಡನ್ನೂ ಸೇರಿಸಿ ಮಾಡಿದ ಪುಡಿಯೇ ಆ ಹಸಿರು ಕ್ಯಾಪ್ಸೂಲ್ ಮಾತ್ರೆಯೊಳಗೆ ಇರುವುದು. ನುಂಗಿದರೆ ನಾಲಿಗೆಗೆ ತಾಗುವುದಿಲ್ಲ. ಅನುಸೂಯಮ್ಮನಿಗೆ ಅಷ್ಟು ದಪ್ಪ ಮಾತ್ರೆ ಗಂಟಲಲ್ಲಿ ಇಳಿಯುವುದಿಲ್ಲವಂತೆ. ದಿನಾ ಅದನ್ನು ಬಿಡಿಸಿ, ಪುಡಿಯನ್ನು ನಾಲಿಗೆಯ ಮೇಲೆ ಹಾಕಿಕೊಂಡು ನೀರು ಕುಡಿಯುತ್ತಿದ್ದಳು. ನಿನ್ನೆಯೂ ಅಷ್ಟೇ. ಜೀವ ಉಳಿಸಬೇಕಾದ ಸಕ್ಕರೆ ಅವಳ ಬಾಯಿಗೆ ಮಣ್ಣಾಗಿ ಕಂಡಿತು. ನೀನೂ ಮಾತ್ರೆ ಬಿಡಿಸಿ ತಿನ್ನುವವಳೇ ಅಂತ ನನಗೆ ಗೊತ್ತು. ಅಲ್ಲಿ ನಿನಗೆ ನಡುಕ ಬಂದರೆ ಸಕ್ಕರೆ ಹಾಕುವವರು ಯಾರು? ಅವರಿಗೆ ನಿನಗಿರುವುದು ಮಂಡಿನೋವು!

ಇನ್ನು ಮೂರು ಮಾತ್ರೆ ಯಾಕಾಯಿತು ಅನ್ನುವುದನ್ನು ಹೇಳುತ್ತೇನೆ. ಇದು ಕಷ್ಟದ ಭಾಗ. ಅಕ್ಟೋಬರ್ ಕೊನೆಯಲ್ಲಿ ಶುರುವಾದಾಗ ಎಲ್ಲರಿಗೂ ಹೊತ್ತಿಗೆ ಒಂದೊಂದು ಮಾತ್ರೆ. ಹದಿನೈದು ದಿನಕ್ಕೊಮ್ಮೆ ಗುರುವಾರ ರಕ್ತ ಕೊಡಬೇಕು. ಬೆಳಗಿನ ಸಕ್ಕರೆ ಇಳಿಯದಿದ್ದವರಿಗೆ ಎರಡು, ಆಗಲೂ ಇಳಿಯದಿದ್ದರೆ ಮೂರು. ಅವರು ಪರೀಕ್ಷೆ ಮಾಡುತ್ತಿದ್ದುದೇ ಅದನ್ನು, ಎಷ್ಟು ಕೊಟ್ಟರೆ ಎಷ್ಟು ಇಳಿಯುತ್ತದೆ ಅಂತ. ಹಾಳೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿತ್ತು: 'ಪರೀಕ್ಷೆಯ ದಿನ ಉಪವಾಸವಿದ್ದು ಬರತಕ್ಕದ್ದು.' ನೆನಪಿದೆಯೇ, ಅವತ್ತು ಸಂಜೆ ನಮ್ಮ ಮನೆಯ ಮುಂದೆ ಎಲ್ಲರೂ ಸೇರಿದ್ದರು. ರಕ್ತ ತೆಗೆಯುವುದು ಹತ್ತೂವರೆಗೆ, ನಾವು ಮಗ್ಗ ಹಾಕುವುದು ಐದು ಗಂಟೆಗೆ. ಜವರಪ್ಪ ಕೇಳಿದ, 'ಅಣ್ಣಾ, ಉಪವಾಸ ಅಂತ ಬರ್ದವ್ರೆ, ಅಲ್ಲೀಗಂಟ ಏನ್ ತಿನ್ಬೋದು?' ನಾನು ಈ ಬೀದಿಯಲ್ಲಿ ಪಂಚಾಂಗ ನೋಡುವವನು, ಯಾವ ಏಕಾದಶಿ ಎಂದು ಹೇಳುವವನು. ಡಾಕ್ಟರಮ್ಮನನ್ನು ಕೇಳೋಣ ಅಂತ ಒಂದು ಕ್ಷಣವೂ ಹೊಳೆಯಲಿಲ್ಲ. ಉಪವಾಸ ಅಂದರೆ ಏನೆಂದು ಅವರನ್ನು ಕೇಳುವುದೇ? ಕಾಲು ಮೇಲೆ ಕಾಲು ಹಾಕಿಕೊಂಡು ಹೇಳಿದೆ: 'ಅನ್ನ, ಮುದ್ದೆ ಮುಟ್ಬಾರ್ದು. ಇಡ್ಲಿ, ದೋಸೆನೂ ಅನ್ನದ ಜಾತಿನೇ, ಅದೂ ಬ್ಯಾಡ. ಫಲಾಹಾರಕ್ಕೆ ಅಡ್ಡಿ ಇಲ್ಲ. ಅವಲಕ್ಕಿ, ಬಾಳೆಹಣ್ಣು, ಹಾಲು ತಗೊಳ್ಳಿ.'

ಅವತ್ತಿನಿಂದ ಪ್ರತಿ ಪರೀಕ್ಷೆಯ ದಿನ ಬೆಳಗ್ಗೆ ಎದ್ದು ಹತ್ತು ಜನರೂ ಶ್ರದ್ಧೆಯಿಂದ ಫಲಾಹಾರ ಮಾಡಿಕೊಂಡು ಹೋದೆವು. ನೀನು ಅವಲಕ್ಕಿಗೆ ಬೆಲ್ಲ, ಕಾಯಿತುರಿ ಹಾಕಿ ಕಲಸಿ ಅನುಸೂಯಮ್ಮನಿಗೂ ಒಂದು ಬಟ್ಟಲು ಗೋಡೆಯ ಮೇಲಿಂದ ದಾಟಿಸುತ್ತಿದ್ದೆ. ಮೇಲೆ ಎರಡೆರಡು ಬಾಳೆಹಣ್ಣು. ಡಾಕ್ಟರಮ್ಮ 'ಉಪವಾಸ ಇದ್ದೀರಿ ತಾನೇ?' ಅಂದರೆ, ಹೌದು ಅಂದೆವು. ಯಾರೂ ಸುಳ್ಳು ಹೇಳಲಿಲ್ಲ ಭಾಗ್ಯ. ಅನ್ನದ ಅಗುಳು ಯಾರ ಹೊಟ್ಟೆಯಲ್ಲೂ ಇರಲಿಲ್ಲ. ಬೆಲ್ಲ, ಬಾಳೆಹಣ್ಣು ತಿಂದ ರಕ್ತದಲ್ಲಿ ಸಕ್ಕರೆ ಇಳಿಯುತ್ತದೆಯೇ? ಅವರು ಯಂತ್ರ ನೋಡಿ ಹುಬ್ಬು ಗಂಟಿಕ್ಕಿದರು, ಒಂದು ಎರಡಾಯಿತು. ಮತ್ತೆ ಹೋದೆವು, ಮತ್ತೆ ಅವಲಕ್ಕಿ, ಎರಡು ಮೂರಾಯಿತು. ಈ ಇಪ್ಪತ್ತೈದಕ್ಕೆ ಹೋಗಿದ್ದರೆ ಏನಾಗುತ್ತಿತ್ತೋ, ಕ್ರಿಸ್‌ಮಸ್ ರಜೆ ಅಂತ ಮುಂದಕ್ಕೆ ಹಾಕಿದರು.

ನಿನ್ನೆ ಮಧ್ಯಾಹ್ನ ಡಾಕ್ಟರಮ್ಮ ಸುದ್ದಿ ತಿಳಿದ ತಕ್ಷಣ ಓಡಿಬಂದರು. ಪಾಪ, ಶ್ವೇತಳಿಗಿಂತ ಎರಡು ವರ್ಷ ದೊಡ್ಡವಳಿರಬೇಕು ಅಷ್ಟೇ. ಕೈಯಲ್ಲಿ ಅನುಸೂಯಮ್ಮನ ಫೈಲು. ಇಲ್ಲಿಯವರು ಮಾಡಿದ ರಕ್ತಪರೀಕ್ಷೆಯನ್ನೂ ತನ್ನ ಹಾಳೆಗಳನ್ನೂ ಪಕ್ಕ ಪಕ್ಕ ಇಟ್ಟು ನೋಡಿದರು. ಮೂರು ತಿಂಗಳ ಸರಾಸರಿ ಚೆನ್ನಾಗಿ ಇಳಿದಿದೆಯಂತೆ. ಬೆಳಗಿನ ಸಕ್ಕರೆ ಮಾತ್ರ ಪ್ರತಿ ಸಲವೂ ಏರಿದೆಯಂತೆ. 'ಇದು ಹೊಂದ್ತಾ ಇಲ್ಲ ಅಂಕಲ್. ಔಷಧಿ ಕೆಲಸ ಮಾಡಿದೆ, ಆದ್ರೆ ನಮಗೆ ಕಾಣ್ಲಿಲ್ಲ. ಬೆಳಗ್ಗೆ ಬರೋಕೆ ಮುಂಚೆ ಏನಾದ್ರೂ ತಿಂತಿದ್ರಾ ಇವ್ರು?' ಅಂತ ನನ್ನ ಮುಖ ನೋಡಿದರು. ಆಗ ನನಗೆ ಹೊಳೆಯಿತು. ಆ ಹಾಳೆಯಲ್ಲಿದ್ದ ಉಪವಾಸ ನಮ್ಮ ಉಪವಾಸವಲ್ಲ. ಅದು ನಿಟ್ಟುಪವಾಸ. ಅದೊಂದು ಮಾತನ್ನು ಅಚ್ಚು ಹಾಕಿಸಿದ್ದರೆ ನಮ್ಮಲ್ಲಿ ಓದು ಬಾರದವರಿಗೂ ಅರ್ಥವಾಗುತ್ತಿತ್ತು, ಬೆಳಗ್ಗೆ ನೀರು ಬಿಟ್ಟು ಏನನ್ನೂ ಮುಟ್ಟುತ್ತಿರಲಿಲ್ಲ. ನಾನು ಡಾಕ್ಟರಮ್ಮನಿಗೆ ಏನು ಉತ್ತರ ಕೊಟ್ಟೆ ಗೊತ್ತೇ? ತಲೆ ಅಲ್ಲಾಡಿಸಿದೆ. ಅದು ಹೌದೋ ಇಲ್ಲವೋ ನನಗೇ ತಿಳಿಯಲಿಲ್ಲ. ಅವರು ಇಲ್ಲ ಅಂತಲೇ ಬರೆದುಕೊಂಡರು.

ಹೇಳಲು ಆಗಲಿಲ್ಲ ಭಾಗ್ಯ. ಪ್ರಿಯಾಂಕ ಪಕ್ಕದಲ್ಲೇ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಸಕ್ಕರೆಯ ಕೈ ಇನ್ನೂ ಅಂಟಂಟಾಗಿತ್ತು, ತೊಳೆದುಕೊಂಡಿರಲಿಲ್ಲ. 'ನಾನೇ ಸರಿಯಾಗಿ ತಿನ್ನುಸ್ಲಿಲ್ಲ ದೊಡ್ಡಪ್ಪ, ನಾನು ಜೋರು ಮಾಡಿ ಹಾಕ್ಬೇಕಿತ್ತು' ಅಂತ ಅಳುತ್ತಿದ್ದಳು. ಅವಳ ತಪ್ಪಲ್ಲ ಅಂತ ಹೇಳಬೇಕಾದವನು ನಾನು, ಹೇಳಿದರೆ ಯಾರ ತಪ್ಪು ಅನ್ನುವುದೂ ಬಾಯಿಗೆ ಬರುತ್ತದಲ್ಲ. ಅನುಸೂಯಮ್ಮ ಇವತ್ತು ಬೆಳಗ್ಗೆ ಕಣ್ಣು ಬಿಟ್ಟಿದ್ದಾಳೆ. ಬಿಟ್ಟಿದ್ದಾಳೆ ಅಷ್ಟೇ. ಸೊಸೆಯನ್ನು ತನ್ನ ಸತ್ತುಹೋದ ಅಕ್ಕನ ಹೆಸರಿನಲ್ಲಿ ಕರೆಯುತ್ತಾಳೆ. ನನ್ನನ್ನು ನೋಡಿ ಯಾರೋ ಅನ್ನುವ ಹಾಗೆ ಸೆರಗು ಸರಿಮಾಡಿಕೊಂಡಳು. ಮಿದುಳಿಗೆ ಸಕ್ಕರೆ ಇಲ್ಲದೆ ಎಷ್ಟು ಹೊತ್ತು ಇದ್ದಳೋ ಅದರ ಮೇಲೆ ಹೋಗುತ್ತದೆ, ಎರಡು ದಿನ ನೋಡೋಣ ಅನ್ನುತ್ತಾರೆ ಇಲ್ಲಿಯ ವೈದ್ಯರು. ನಲವತ್ತು ವರ್ಷ ಗೋಡೆಯ ಆಚೆ ಈಚೆ ಬದುಕಿದವಳು ನನ್ನನ್ನು ಗುರುತಿಸಲಿಲ್ಲ. ನಿನ್ನ ಕಣ್ಣೂ ಹಾಗೆ ನನ್ನನ್ನು ನೋಡಿಬಿಟ್ಟರೆ ಅನ್ನುವುದೇ ನಿನ್ನೆಯಿಂದ ನನ್ನನ್ನು ಕೊಲ್ಲುತ್ತಿದೆ. ನನಗೆ ಭಯವಾಗಿದೆ.

ಒಂದು ಕೆಲಸ ಮಾಡಿದ್ದೇನೆ. ನಿನ್ನೆ ಸಂಜೆ ಪ್ರಿಯಾಂಕಳ ಅಮ್ಮ ಇಲ್ಲಿ ಎರಡು ಗಂಟೆ ಕೂತಿದ್ದಾಗ ಬೀದಿಗೆ ಓಡಿಹೋಗಿ ಏಳು ಮನೆಯ ಬಾಗಿಲು ತಟ್ಟಿ ಡಬ್ಬಿಗಳನ್ನು ಇಸಕೊಂಡು ಬಂದೆ. ಅವರಿಗೂ ಅದೇ ಡೇಟಿನ ಸುಳ್ಳು. ನಿನ್ನ ಹಾಗೆ ಯಾರೂ ಡಬ್ಬಿಯನ್ನು ಬೆಳಕಿಗೆ ಹಿಡಿದು ಓದಲಿಲ್ಲ, ನಾನು ಹೇಳಿದ್ದನ್ನು ನಂಬಿದರು. ಜವರಪ್ಪ, 'ಅಣ್ಣ ಇರೋದಕ್ಕೆ ಆಯ್ತು, ಇಲ್ದಿದ್ರೆ ನಾವು ಹಳೇ ಮಾತ್ರೆ ನುಂಗಿ ಸಾಯ್ತಿದ್ವಿ' ಅಂದ. ಅವನ ಮುಖ ನೋಡಲಾಗಲಿಲ್ಲ. ಅನುಸೂಯಮ್ಮನದು, ನನ್ನದು ಸೇರಿ ಒಂಬತ್ತು ಡಬ್ಬಿ ಈಗ ನನ್ನ ಪಕ್ಕದ ಬಟ್ಟೆಚೀಲದಲ್ಲಿವೆ. ಹತ್ತನೆಯದು ಸೂಲಿಬೆಲೆಯಲ್ಲಿ ನಿನ್ನ ಸೀರೆಗಳ ಕೆಳಗಿದೆ. ಅದೊಂದು ನನ್ನ ಕೈಗೆ ಎಟುಕುತ್ತಿಲ್ಲ.

ಈಗ ನನ್ನ ಭಯ ಯಾವುದೆಂದು ಸ್ಪಷ್ಟವಾಗಿ ಬರೆಯುತ್ತೇನೆ. ನಾಡಿದ್ದು ಮಂಗಳವಾರ ವೈಕುಂಠ ಏಕಾದಶಿ. ಉಳಿದ ಏಕಾದಶಿಗಳಲ್ಲಿ ನೀನು ಅವಲಕ್ಕಿ, ಹಣ್ಣು ತಿನ್ನುತ್ತೀಯ. ವರ್ಷಕ್ಕೆ ಇದೊಂದು ದಿನ ಮಾತ್ರ ಹನಿ ನೀರೂ ಮುಟ್ಟುವುದಿಲ್ಲ. ನಮ್ಮ ಮದುವೆಯಾದಾಗಿನಿಂದ ಒಂದು ವರ್ಷವೂ ತಪ್ಪಿಸಿಲ್ಲ. ಶ್ವೇತ ಹೊಟ್ಟೆಯಲ್ಲಿದ್ದಾಗಲೂ ಬಿಡಲಿಲ್ಲ, ನನ್ನಮ್ಮ ಬೈದರೂ ಬಿಡಲಿಲ್ಲ. ಈ ಸಲ ಕೂಸಿನ ಹೆಸರಿನಲ್ಲಿ ಇನ್ನೂ ಗಟ್ಟಿಯಾಗಿ ಹಿಡಿಯುತ್ತೀಯ ಅಂತಲೂ ಗೊತ್ತು. ಸೋಮವಾರ ರಾತ್ರಿ ಮೂರು ಮಾತ್ರೆ, ಬಿಳಿ ಮಾತ್ರೆ. ಮಂಗಳವಾರ ಬೆಳಗ್ಗೆ ಅನ್ನ ನೀರಿಲ್ಲ, ಆದರೆ ಔಷಧಿಗೆ ದೋಷವಿಲ್ಲ ಅಂತ ಪುಡಿಯನ್ನು ನಾಲಿಗೆಗೆ ಹಾಕಿಕೊಳ್ಳುತ್ತೀಯ. ಆಮೇಲೆ ಕೂಸಿಗೆ ಎಣ್ಣೆ ಹಚ್ಚಿ, ಕಾಲ ಮೇಲೆ ಹಾಕಿಕೊಂಡು ಬಿಸಿನೀರು ಎರೆಯಲು ಕೂರುತ್ತೀಯ. ಅಲ್ಲಿಂದ ಮುಂದೆ ಯೋಚಿಸಲು ನನ್ನಿಂದ ಆಗುತ್ತಿಲ್ಲ. ನೀನು ಒಬ್ಬಳೇ ಬೀಳುವುದಿಲ್ಲ ಭಾಗ್ಯ, ಕಾಲ ಮೇಲೆ ಕೂಸಿರುತ್ತದೆ.

ಇಲ್ಲಿಯ ವೈದ್ಯರನ್ನು ಹೆಸರು ಹೇಳದೆ ಕೇಳಿದೆ. ಹೀಗೊಬ್ಬರಿದ್ದಾರೆ, ಮೂರು ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಉಪವಾಸ ಮಾಡುತ್ತಾರೆ ಅಂದೆ. ಅವರು ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟು, 'ಗಿಡದ ಮಾತ್ರೆ ಇವತ್ತೇ ನಿಲ್ಲಿಸ್ಲಿ. ಹೊತ್ತು ಹೊತ್ತಿಗೆ ಊಟ ಮಾಡ್ಲಿ. ಅಲ್ಲೇ ಹತ್ತಿರದ ಆಸ್ಪತ್ರೇಲಿ ಸಕ್ಕರೆ ನೋಡ್ಸಿ, ಬಿಳಿ ಮಾತ್ರೆ ಎಷ್ಟು ತಗೋಬೇಕು ಅಂತ ಅವ್ರನ್ನ ಕೇಳ್ಲಿ. ಅವ್ರೊಬ್ರೇ ಇರೋದು ಬೇಡ' ಅಂದರು. ಹಾಗಾಗಿ ಮೊದಲು ಅಳಿಯನಿಗೆ ನಿನ್ನ ಕಾಯಿಲೆ ಹೇಳು. ಶಶಿಕುಮಾರ್ ಒಳ್ಳೆಯವನು, ಸೂಲಿಬೆಲೆಯ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾನೆ. ಬೀಗಿತ್ತಿ ಏನಾದರೂ ಅನ್ನಲಿ, ಅನ್ನಿಸಿಕೊಳ್ಳೋಣ. ನಾಳೆ ದೇವರಾಜ ಬಂದ ಕೂಡಲೇ ನಾನು ಅಲ್ಲಿಗೆ ಬರುತ್ತೇನೆ. ಡಾಕ್ಟರಮ್ಮನಿಗೂ ನಾಳೆಯೇ ಎಲ್ಲವನ್ನೂ ಹೇಳುತ್ತೇನೆ. ಇಲ್ಲದಿದ್ದರೆ ಆ ಹುಡುಗಿ ತನ್ನ ವರದಿಯಲ್ಲಿ ಗಿಡ ಸೋತಿತು ಅಂತ ಬರೆದುಬಿಡುತ್ತಾಳೆ. ನಮ್ಮ ಬೆಲ್ಲದ ಅವಲಕ್ಕಿ ಅವಳ ಲೆಕ್ಕದಲ್ಲಿ ಎಲ್ಲೂ ಇಲ್ಲ.

ಶ್ವೇತಳಿಗೂ ಕೂಸಿಗೂ ನನ್ನ ಆಶೀರ್ವಾದ. ಕೂಸಿನ ನೆತ್ತಿ ಮುಟ್ಟಿ ಅಜ್ಜನ ಹೆಸರು ಹೇಳು. ಅಳಿಯಂದಿರಿಗೆ, ಬೀಗರಿಗೆ ನಮಸ್ಕಾರ ತಿಳಿಸು. ತಿಮ್ಮಪ್ಪ ನಿನ್ನನ್ನು ಕಾಯಲಿ, ನಿನ್ನ ಹಟದಿಂದಲೂ ಕಾಯಲಿ.

ಇಂತಿ ನಿನ್ನವನೇ,
ವೆಂಕಟರಮಣಪ್ಪ

ತಾ.ಕ: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಆವಲಪ್ಪ ಗೇಟಿನ ಹೊರಗೆ ಸ್ಕೂಟರ್ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಇಷ್ಟೆಲ್ಲ ಓದಿಯೂ ನೀನು ನಾಟಕ ಅಂತಲೇ ಅನ್ನುತ್ತೀಯ ಅನ್ನಿಸಿತು. ಮೇಲೆ, ನಿನ್ನೆ ನನಗೆ ಹೊಳೆಯಿತು ಅಂತ ಬರೆದಿದ್ದೇನಲ್ಲ, ಅದು ಸುಳ್ಳು. ಹನ್ನೊಂದನೇ ತಾರೀಖಿನ ಗುರುವಾರವೇ ನನಗೆ ಗೊತ್ತಾಯಿತು. ನಾವು ಸಾಲಿನಲ್ಲಿದ್ದಾಗ ಆವತಿ ಊರಿನಿಂದ ಬಂದಿದ್ದ ಒಬ್ಬನಿಗೆ ನರ್ಸಮ್ಮ, 'ಕಾಫಿ ಕುಡ್ಕೊಂಡ್ ಬಂದಿದೀರಾ? ಉಪವಾಸ ಅಂದ್ರೆ ನೀರ್ ಬಿಟ್ಟು ಬಾಯಿಗೇನೂ ಹಾಕ್ಬಾರ್ದು, ನಾಳೆ ಬನ್ನಿ' ಅಂತ ಗದರಿಸಿ ಕಳಿಸಿದಳು. ನೀನು ನನ್ನ ಮುಂದೆಯೇ ನಿಂತಿದ್ದೆ, ನಿನಗೆ ಕೇಳಿಸಲಿಲ್ಲ. ನನಗೆ ಕೇಳಿಸಿತು. ಹತ್ತು ಜನಕ್ಕೆ ಉಪವಾಸ ಹೇಳಿಕೊಟ್ಟವನು ಅವರ ಮುಂದೆ ದಡ್ಡನಾಗಬೇಕಲ್ಲ ಅಂತ ಬಾಯಿ ಮುಚ್ಚಿಕೊಂಡೆ. ಅವತ್ತೇ ಕಣ್ಣೆದುರಿಗೆ ನಿನಗೂ ಅನುಸೂಯಮ್ಮನಿಗೂ ಮೂರು ಮಾಡಿದರು, ಸುಮ್ಮನಿದ್ದೆ. ಹದಿನಾಲ್ಕಕ್ಕೆ ನೀನು ಹೊರಟಾಗ ಆ ಡಬ್ಬಿಯನ್ನು ನಿನ್ನ ಬ್ಯಾಗಿಗೆ ಹಾಕಿದವನು ನಾನೇ. ಮತ್ತು ಭಾಗ್ಯ, ನನಗೂ ಮೂರು ಬರೆದಿದ್ದರು. ಅವತ್ತಿನಿಂದ ನಾನು ಒಂದೇ ನುಂಗುತ್ತಿದ್ದೆ. ನನಗೆ ಏನೂ ಆಗದಿರುವುದು ಅದಕ್ಕೇ. ನಾಟಕ ಆಡುವವನು ತನ್ನ ಬಗ್ಗೆ ಇಂಥದ್ದನ್ನು ಬರೆದುಕೊಡುವುದಿಲ್ಲ. ಡಾಕ್ಟರಮ್ಮ ಈಗ ತಾನೇ ಒಳಗೆ ಹೋದರು, ನಾಳೆ ಅಂದವನು ಈಗಲೇ ಎದ್ದು ಅವರ ಹಿಂದೆ ಹೋಗುತ್ತಿದ್ದೇನೆ. ಇನ್ನು ಮುಂದೆ ನೀನು ನನ್ನನ್ನು ಯಾವುದಕ್ಕೂ ನಂಬಬೇಡ, ಇದೊಂದಕ್ಕೆ ನಂಬು. ಮಂಗಳವಾರ ಊಟ ಮಾಡು.